ಮೇಜಿನಾಟದ ಮಂತ್ರವಾದಿಯೂ ಮಂತ್ರದಾನದ ಮೂರು ಮಾರ್ಗಗಳೂ

೧

ಆಟದ ನಿಯಮಗ್ರಂಥವೊಂದನ್ನು ಸಾಹಿತ್ಯವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಯುಕ್ತವೇ ಎಂಬ ಶಂಕೆಯು ವಾಚಕರಲ್ಲಿ ಹಲವರಿಗೆ ಮೊದಲೇ ಹುಟ್ಟಬಹುದು. ಚದುರಂಗದ ನಿಯಮಗಳನ್ನಾಗಲಿ ಪಗಡೆಯ ನಿಯಮಗಳನ್ನಾಗಲಿ ಕಾವ್ಯವೆಂದು ಯಾರೂ ಓದುವುದಿಲ್ಲ, ಅದು ಸರಿಯೇ. ಆದರೆ ಕ್ರಿ. ಶ. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಮೂರು ಕಿರುಹೊತ್ತಿಗೆಗಳಾಗಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವು ಬೇರೊಂದು ಜಾತಿಗೆ ಸೇರಿದುದು. ಇದರಲ್ಲಿ ಮೇಜಿನ ಸುತ್ತ ಕುಳಿತವರು ತಲೆಗೊಂದು ಪಾತ್ರವನ್ನು ವಹಿಸಿಕೊಂಡು, ವೇಷವಿಲ್ಲದೆ, ರಂಗವಿಲ್ಲದೆ, ಬರಿಯ ಮಾತಿನಿಂದಲೇ ಕಥೆಯನ್ನು ನಡೆಸುವರು. ಸೂತ್ರಧಾರನೊಬ್ಬನು ಲೋಕವನ್ನು ವರ್ಣಿಸುವನು. ಸಂಶಯದ ಎಡೆಯಲ್ಲಿ ದಾಳವು ತೀರ್ಪು ಕೊಡುವುದು. ನಮ್ಮ ತಾಳಮದ್ದಲೆಯಲ್ಲಿ ಅರ್ಥಧಾರಿಗಳು ಕುಳಿತಲ್ಲಿಯೇ ಕೃಷ್ಣನೂ ಕೌರವನೂ ಆಗುವುದನ್ನು ಕಂಡವರಿಗೆ ಇದರ ಸ್ವರೂಪವು ಕೂಡಲೇ ತಿಳಿಯುವುದು. ಭೇದವಿಷ್ಟೆ: ಅಲ್ಲಿ ಪ್ರಸಂಗವು ಮೊದಲೇ ಗೊತ್ತಿರುತ್ತದೆ, ಇಲ್ಲಿ ಗೊತ್ತಿರುವುದಿಲ್ಲ.

ಇಂತಹ ಆಟದ ನಿಯಮಗಳು ಕೇವಲ ಗೆಲವು-ಸೋಲುಗಳ ಲೆಕ್ಕವಲ್ಲ. ಕಲ್ಪಿತವಾದ ಒಂದು ಲೋಕದಲ್ಲಿ ಏನು ಸಾಧ್ಯ, ಏನು ಅಸಾಧ್ಯ, ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ಅವು ಗೊತ್ತುಮಾಡುತ್ತವೆ. ಅದರಲ್ಲಿಯೂ ಮಂತ್ರವಾದಿಯ ಪಾತ್ರಕ್ಕೆ ಸಂಬಂಧಿಸಿದ ನಿಯಮಗಳು ಒಂದು ಶಬ್ದಸಿದ್ಧಾಂತವನ್ನೇ ಗರ್ಭೀಕರಿಸಿಕೊಂಡಿವೆ. ಶಕ್ತಿಯುಳ್ಳ ಮಾತು ಎಲ್ಲಿರುತ್ತದೆ? ಅದನ್ನು ಕಲಿಯುವುದು ಹೇಗೆ? ಒಬ್ಬನು ಇನ್ನೊಬ್ಬನಿಗೆ ಕೊಟ್ಟರೆ ಕೊಟ್ಟವನಿಗೆ ನಷ್ಟವೋ ಲಾಭವೋ? ಈ ಪ್ರಶ್ನೆಗಳು ನಮಗೆ ಹೊಸವಲ್ಲ. ಮಂತ್ರ, ಉಪದೇಶ, ಅಂಕಿತ, ಶಾಸನ ಎಂಬ ಹೆಸರುಗಳಲ್ಲಿ ನಮ್ಮ ನಾಡು ಇವನ್ನು ಬಹುಕಾಲದಿಂದ ವಿಚಾರಿಸುತ್ತ ಬಂದಿದೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಯಲ್ಲಿ ಇವಕ್ಕೆ ಮೂರು ಬೇರೆ ಬೇರೆ ಉತ್ತರಗಳು, ಒಂದೇ ಹೆದ್ದಾರಿಯ ನೆರೆಯಲ್ಲಿ, ಇಂದಿಗೂ ಕಾಣಸಿಗುತ್ತವೆ. ಆ ಮೂರರ ಬೆಳಕಿನಲ್ಲಿ ಮೇಜಿನಾಟದ ಮಂತ್ರವಾದಿಯನ್ನು ಪರಿಶೀಲಿಸುವುದೂ, ಆ ಪರಿಶೀಲನೆಯಿಂದ ನಮ್ಮ ವಿದ್ವತ್ತಿನ ಪದ್ಧತಿಗೆ ಏನಾದರೂ ಪಾಠವುಂಟೇ ಎಂದು ನೋಡುವುದೂ ಈ ಲೇಖನದ ಉದ್ದೇಶ.

ಉಪಾಸನೆಯನ್ನೂ ವಿನೋದವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಇಚ್ಛೆ ನಮಗಿಲ್ಲ. ಒಂದು ಶ್ರದ್ಧೆಯ ವಿಷಯ, ಇನ್ನೊಂದು ಕ್ರೀಡೆ. ನಾವು ಹೋಲಿಸುವುದು ಫಲವನ್ನಲ್ಲ. ಮಾತು ಕೈಯಿಂದ ಕೈಗೆ ಹೋಗುವ ಬಗೆಯನ್ನು ಕುರಿತ ಕಲ್ಪನೆಯನ್ನು ಮಾತ್ರ.

೨

ಮೊದಲು ಆಟದ ಮಂತ್ರವಾದಿಯನ್ನು ನೋಡೋಣ. ಅವನ ಸರ್ವಸ್ವವೂ ಒಂದು ಹೊತ್ತಿಗೆಯಲ್ಲಿದೆ. ೨೦೧೪ರಲ್ಲಿ ಹೊರಬಂದ ಐದನೆಯ ಆವೃತ್ತಿಯ ಪ್ರಕಾರ ಅವನು ಆರು ಮಂತ್ರಗಳನ್ನು ಬರೆದುಕೊಂಡ ಹೊತ್ತಿಗೆಯೊಡನೆ ಆಟಕ್ಕಿಳಿಯುವನು; ಅನುಭವವು ಬಲಿತು ಒಂದೊಂದು ಮಟ್ಟವನ್ನು ಏರಿದಂತೆಲ್ಲ ಎರಡೆರಡು ಮಂತ್ರಗಳು ತಾವಾಗಿಯೇ ಸೇರುವುವು. ಅದಕ್ಕೂ ಹೆಚ್ಚಿನದು ಬೇಕಾದರೆ ಬೇರೊಬ್ಬ ಮಂತ್ರವಾದಿಯ ಹೊತ್ತಿಗೆಯಿಂದಲೋ ದೊರೆತ ಸುರುಳಿಯಿಂದಲೋ ನಕಲು ಮಾಡಿಕೊಳ್ಳಬೇಕು. ಮಂತ್ರದ ಒಂದೊಂದು ಅಂತಸ್ತಿಗೆ ಎರಡು ಗಂಟೆಗಳ ಕಾಲವೂ ೫೦ ಹೊನ್ನೂ ವೆಚ್ಚವಾಗುತ್ತವೆ. ಮೂರನೆಯ ಅಂತಸ್ತಿನ ಮಂತ್ರಕ್ಕೆ ಆರು ಗಂಟೆ, ೧೫೦ ಹೊನ್ನು. ವೆಚ್ಚವು ಮಸಿಗೂ ಪ್ರಯೋಗಸಾಮಗ್ರಿಗೂ ಆದುದೆಂದು ನಿಯಮವು ವಿವರಿಸುತ್ತದೆ.

ಈ ನಿಯಮದಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಒಬ್ಬೊಬ್ಬ ಮಂತ್ರವಾದಿಯೂ ತನ್ನದೇ ಸಂಕೇತಪದ್ಧತಿಯಲ್ಲಿ ಬರೆಯುವನು. ನಕಲು ಮಾಡುವವನು ಮೊದಲು ಪರರ ಸಂಕೇತವನ್ನು ಬಿಡಿಸಿ, ಧ್ವನಿಯನ್ನೂ ಹಸ್ತಮುದ್ರೆಯನ್ನೂ ಅಭ್ಯಾಸಮಾಡಿ, ಅರ್ಥವಾದ ಮೇಲೆ ತನ್ನ ಸಂಕೇತದಲ್ಲಿ ಮತ್ತೆ ಬರೆದುಕೊಳ್ಳಬೇಕು. ತನ್ನದೇ ಹೊತ್ತಿಗೆಯ ಪ್ರತಿ ಮಾಡಿಕೊಳ್ಳುವುದಾದರೆ ಅಂತಸ್ತಿಗೆ ಒಂದು ಗಂಟೆ, ೧೦ ಹೊನ್ನು ಸಾಕು. ಏಕೆಂದರೆ ಅಲ್ಲಿ ತಿಳಿಯುವ ಶ್ರಮವಿಲ್ಲ, ಬರೆಯುವ ಶ್ರಮವೊಂದೇ. ಎರಡು ಲೆಕ್ಕಗಳ ನಡುವಣ ಅಂತರವೇ ತಿಳಿವಳಿಕೆಯ ಬೆಲೆ. ಓಲೆಗರಿಯ ಪ್ರತಿಕಾರರನ್ನು ಬಲ್ಲ ನಮ್ಮ ಪಂಡಿತರಿಗೆ ಇದು ಮೆಚ್ಚಾಗದೆ ಇರದು. ತಿಳಿಯದೆ ಪ್ರತಿಮಾಡಿದ ಲಿಪಿಕಾರನಿಂದ ಪಾಠವು ಕೆಟ್ಟುಹೋದ ಉದಾಹರಣೆಗಳನ್ನು ಗ್ರಂಥಸಂಪಾದನೆಯಲ್ಲಿ ತೊಡಗಿದವರೆಲ್ಲರೂ ಕಂಡಿದ್ದಾರೆ. ಪ್ರತಿಯೊಂದು ನಿಜವಾದ ನಕಲೂ ಒಂದು ಓದು ಎಂಬುದನ್ನು ಈ ಆಟವು ಸರಿಯಾಗಿ ಗ್ರಹಿಸಿದೆ.

ಇನ್ನೊಂದು ಭೇದ. ಹೊತ್ತಿಗೆಯಿಂದ ನಕಲು ಮಾಡಿದರೆ ಮೂಲಕ್ಕೆ ಯಾವ ಹಾನಿಯೂ ಇಲ್ಲ. ಸುರುಳಿಯಿಂದ ಮಾಡಿದರೆ, ಪ್ರಯತ್ನವು ಕೈಗೂಡಲಿ ಬಿಡಲಿ, ಸುರುಳಿಯು ನಾಶವಾಗುತ್ತದೆ. ಒಂದು ಬಗೆಯ ಕೊಡುಗೆಯಲ್ಲಿ ಕೊಟ್ಟವನಿಗೂ ಉಳಿಯುತ್ತದೆ. ಇನ್ನೊಂದರಲ್ಲಿ ತೆಗೆದುಕೊಳ್ಳುವುದೆಂದರೆ ಮೂಲವನ್ನು ಮುಗಿಸುವುದು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಇದರ ಪ್ರಯೋಜನವುಂಟು.

೩

ಈ ಕಲ್ಪನೆಯ ಮೂಲವು ಜ್ಯಾಕ್ ವ್ಯಾನ್ಸ್ ಎಂಬ ಅಮೆರಿಕದ ಲೇಖಕನ, ೧೯೫೦ರಲ್ಲಿ ಪ್ರಕಟವಾದ ‘ದಿ ಡೈಯಿಂಗ್ ಅರ್ಥ್’ ಎಂಬ ಕಥಾಸಂಗ್ರಹದಲ್ಲಿದೆ. ಆ ಕಥೆಗಳ ಮಾಂತ್ರಿಕನು ಹೊತ್ತಿಗೆಯನ್ನು ನೋಡಿ ಕೆಲವೇ ಮಂತ್ರಗಳನ್ನು ಮನಸ್ಸಿನಲ್ಲಿ ತುಂಬಿಕೊಳ್ಳಬಲ್ಲನು. ಉಚ್ಚರಿಸಿದೊಡನೆ ಮಂತ್ರವು ಅವನ ನೆನಪಿನಿಂದ ಅಳಿಸಿಹೋಗುತ್ತದೆ. ಮತ್ತೆ ಬೇಕಾದರೆ ಮತ್ತೆ ಕಲಿಯಬೇಕು. ಗೈಗ್ಯಾಕ್ಸನು ಇದನ್ನೇ ತನ್ನ ಆಟಕ್ಕೆ ತಳಹದಿಯಾಗಿ ಆರಿಸಿಕೊಂಡನು. ಈಚಿನ ಆವೃತ್ತಿಗಳಲ್ಲಿ ಮರೆವು ಸಡಿಲಗೊಂಡಿದೆ. ಮಂತ್ರವು ನೆನಪಿನಲ್ಲಿಯೇ ಉಳಿದು, ಪ್ರಯೋಗಿಸುವ ಶಕ್ತಿ ಮಾತ್ರ ವೆಚ್ಚವಾಗುತ್ತದೆ. ಆದರೂ ಮೂಲಭಾವವು ಮಾರ್ಪಟ್ಟಿಲ್ಲ. ಮಂತ್ರವೆಂಬುದು ಬತ್ತಳಿಕೆಯ ಬಾಣದಂತೆ, ಬಿಟ್ಟರೆ ಹೋಯಿತು.

ನಮ್ಮ ಮಂತ್ರಶಾಸ್ತ್ರದ ಕಲ್ಪನೆಯು ಇದಕ್ಕೆ ನೇರವಾಗಿ ವಿರುದ್ಧವಾದುದು. ಇಲ್ಲಿ ಗುರುಮುಖದಿಂದ ಪಡೆದ ಮಂತ್ರವು ಮೊದಲು ಬೀಜಮಾತ್ರ. ಜಪದಿಂದ ಅದು ಬಲಗೊಳ್ಳುತ್ತದೆ. ಅಕ್ಷರಕ್ಕೆ ಲಕ್ಷದಂತೆ ಜಪಿಸಿ ಪುರಶ್ಚರಣೆ ಮಾಡಿದ ಮೇಲೆ ಸಿದ್ಧಿ ಎಂಬುದು ಪ್ರಸಿದ್ಧವಾದ ಎಣಿಕೆ. ಹಳ್ಳಿಗಳಲ್ಲಿ ಚೇಳಿನ ಮಂತ್ರ, ದೃಷ್ಟಿಯ ಮಂತ್ರಗಳನ್ನು ಕಲಿತವರು ಗ್ರಹಣಕಾಲದಲ್ಲಿ ಅವನ್ನು ಜಪಿಸಿ ಮಂತ್ರದ ಬಲವನ್ನು ಕಾಪಾಡಿಕೊಳ್ಳುವ ರೂಢಿಯೂ ಇದೇ ಭಾವದಿಂದ ಹುಟ್ಟಿದುದು. ಅಲ್ಲಿ ಉಚ್ಚಾರಣೆಯು ವೆಚ್ಚ. ಇಲ್ಲಿ ಉಚ್ಚಾರಣೆಯು ಸಂಚಯ. ಆ ಮಂತ್ರಕ್ಕೆ ಹಣ ತೆಗೆದುಕೊಂಡರೆ ಅದು ಫಲಿಸದೆಂಬ ನಂಬಿಕೆಯೂ ನಮ್ಮಲ್ಲಿ ವ್ಯಾಪಕವಾಗಿದೆ. ಆಟದಲ್ಲಿಯಾದರೋ ಹೊನ್ನಿಲ್ಲದೆ ಹೊಸ ಹಾಳೆಯೇ ತುಂಬದು.

ಹೀಗೆ ಹೇಳುವಾಗ ನಂಬಿಕೆಯನ್ನು ವರ್ಣಿಸುತ್ತಿದ್ದೇವೆಯೇ ಹೊರತು ಚಿಕಿತ್ಸೆಯನ್ನು ಬೋಧಿಸುತ್ತಿಲ್ಲ. ಹಾವು ಕಚ್ಚಿದವನಿಗೆ ಆಸ್ಪತ್ರೆಯ ಪ್ರತಿವಿಷವೇ ಗತಿ. ಕಚ್ಚಿಸಿಕೊಂಡವರನ್ನು ವೈದ್ಯರಿಂದ ತಡೆದು ಮಂತ್ರಕ್ಕೆ ಒಪ್ಪಿಸುವುದನ್ನು ಕರ್ನಾಟಕದ ೨೦೧೭ರ ಅಧಿನಿಯಮವು ಅಪರಾಧಗಳ ಸಾಲಿಗೆ ಸೇರಿಸಿದೆ. ವಿಮರ್ಶಕನಿಗೆ ಸಂಬಂಧಿಸಿದುದು, ಮಂತ್ರವನ್ನು ಯಾರು ಯಾರಿಗೆ ಯಾವ ಷರತ್ತಿನ ಮೇಲೆ ಕೊಡುತ್ತಿದ್ದರೆಂಬುದು.

೪

ಷರತ್ತಿನ ಮಾತು ಬಂದಲ್ಲಿ ಗುರುವಿನ ಮಾತು ಬರಲೇಬೇಕು. ಆಟದಲ್ಲಿ ಗುರುವೆಲ್ಲಿ? ೧೯೭೯ರಲ್ಲಿ ಪ್ರಕಟವಾದ ಸೂತ್ರಧಾರರ ಕೈಪಿಡಿಯಲ್ಲಿ ಅವನ ಸುಳಿವಿದೆ. ಹೊಸ ಮಂತ್ರವಾದಿಯು ಯಾವನೋ ಹಿರಿಯನ ಬಳಿಯಲ್ಲಿ ಶಿಷ್ಯವೃತ್ತಿಯನ್ನು ಆಗತಾನೆ ಮುಗಿಸಿದವನೆಂದೂ, ಅವನ ಹೊತ್ತಿಗೆಯ ಮೊದಲ ಮಂತ್ರಗಳು ಆ ಗುರುವಿನಿಂದ ಬಂದವೆಂದೂ ಅಲ್ಲಿ ಹೇಳಿದೆ. ಅಂದರೆ ಗುರುವು ಆಟಕ್ಕೆ ಮೊದಲೇ ಮುಗಿದುಹೋದವನು. ಅವನಿಗೆ ಹೆಸರಿಲ್ಲ, ಅವನ ಋಣವನ್ನು ತೀರಿಸುವ ನಿಯಮವಿಲ್ಲ. ತೆರೆ ಏಳುವ ಮೊದಲೇ ನಾಂದಿಯನ್ನು ಹಾಡಿ ಹೊರಟುಹೋದವನಂತೆ ಅವನು ಕಥೆಯಿಂದ ಮರೆಯಾಗುತ್ತಾನೆ.

ಅದೇ ಕೈಪಿಡಿಯು ಮಂತ್ರಗಳ ವಿನಿಮಯವನ್ನು ಕುರಿತೂ ಸ್ಪಷ್ಟವಾಗಿ ಮಾತನಾಡಿದೆ. ಸೂತ್ರಧಾರನ ಅಧೀನದಲ್ಲಿರುವ ಇತರ ಮಂತ್ರವಾದಿಗಳು ಪ್ರತಿಫಲವಿಲ್ಲದೆ ಮಂತ್ರವನ್ನು ಬಿಟ್ಟುಕೊಡುವವರಲ್ಲ. ಮಂತ್ರಕ್ಕೆ ಮಂತ್ರವನ್ನೂ ಅದರ ಮೇಲೆ ಬೇರೊಂದು ಬೆಲೆಯುಳ್ಳ ವಸ್ತುವನ್ನೂ ಕೇಳತಕ್ಕವರು. ಆಟಗಾರರು ತಮ್ಮತಮ್ಮೊಳಗೆ ಹಂಚಿಕೊಂಡರೆ ಅದಕ್ಕೆ ಅಡ್ಡಿಮಾಡಬೇಕಾಗಿಲ್ಲ. ಆದರೆ ಸೂತ್ರಧಾರನು ತಾನಾಗಿ ಅದನ್ನು ಸೂಚಿಸಲೂ ಬಾರದು, ಪ್ರೋತ್ಸಾಹಿಸಲೂ ಬಾರದು. ಈ ಒಂದು ಸೂಚನೆಯಲ್ಲಿ ಆಟದ ಶಬ್ದನೀತಿಯೆಲ್ಲವೂ ಅಡಗಿದೆ. ಹಂಚಿಕೆಯು ನಿಷಿದ್ಧವಲ್ಲ, ಆದರೆ ಅದು ಧರ್ಮವೂ ಅಲ್ಲ. ಅದು ಜಾಣತನ. ತಾವಾಗಿಯೇ ಕಂಡುಕೊಂಡವರಿಗೆ ಲಾಭ, ಕಾಣದವರಿಗೆ ನಷ್ಟ.

ಎಲ್ಲ ಆಟಗಳೂ ಹೀಗೆಯೇ ಎಂದರೆ ತಪ್ಪಾದೀತು. ೧೯೮೭ರಲ್ಲಿ ಹೊರಬಂದ ‘ಆರ್ಸ್ ಮ್ಯಾಜಿಕಾ’ ಎಂಬ ಆಟದಲ್ಲಿ ಶಿಷ್ಯವೃತ್ತಿಯು ಹದಿನೈದು ವರ್ಷಗಳದು. ಗುರುವು ವರ್ಷಕ್ಕೆ ಒಂದು ಋತುವನ್ನಾದರೂ ಶಿಷ್ಯನ ಪಾಠಕ್ಕೆ ಮೀಸಲಿಡಲೇಬೇಕು. ಮಂತ್ರವಾದಿಗಳು ಒಂದೇ ಮಠದಂತಹ ನೆಲೆಯಲ್ಲಿ ಕೂಡಿ ಬಾಳಿ ಗ್ರಂಥಭಂಡಾರವನ್ನು ಸಾಮಾನ್ಯವಾಗಿ ಅನುಭವಿಸುವರು. ಅವರಲ್ಲಿ ಒಂದು ಮನೆತನದವರು ತಾವು ಕಂಡುಕೊಂಡುದನ್ನು ಎಲ್ಲರಿಗೂ ತಿಳಿಸಲು ಬದ್ಧರು. ಆದುದರಿಂದ ಗುರುವಿಲ್ಲದಿರುವಿಕೆಯು ಈ ಜಾತಿಯ ಆಟಗಳ ಸ್ವಭಾವದೋಷವಲ್ಲ, ಒಂದು ಪರಂಪರೆಯ ಆಯ್ಕೆ ಎಂದು ತಿಳಿಯಬೇಕು. ಆದರೆ ಲೋಕದಲ್ಲಿ ಹೆಚ್ಚು ಪ್ರಚಾರ ಪಡೆದುದು ಒಂಟಿ ಮಂತ್ರವಾದಿಯ ಹೊತ್ತಿಗೆಯೇ.

೫

ಈಗ ನಮ್ಮ ಸೀಮೆಗೆ ಬರೋಣ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯ ನಡುವೆ ಮಸ್ಕಿಯಿದೆ. ೧೯೧೫ರಲ್ಲಿ ಚಿನ್ನದ ಗಣಿಗಾರಿಕೆಗೆ ಸಂಬಂಧಪಟ್ಟ ಬೀಡನ್ ಎಂಬ ಇಂಜಿನಿಯರು ಅಲ್ಲಿಯ ಬಂಡೆಯ ಮೇಲೆ ಶಾಸನವೊಂದನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು. ಅದುವರೆಗೆ ದೇವಾನಾಂಪ್ರಿಯ ಎಂಬ ಬಿರುದಿನಿಂದ ಮಾತ್ರ ಶಾಸನಗಳಲ್ಲಿ ತಿಳಿದಿದ್ದ ಅರಸನ ಹೆಸರು ಅಶೋಕನೆಂದು ಅಲ್ಲಿ ಮೊದಲ ಬಾರಿಗೆ ಕಾಣಿಸಿದ ಕಾರಣ ಮಸ್ಕಿಯು ಚರಿತ್ರಕಾರರಲ್ಲಿ ಪ್ರಸಿದ್ಧವಾಯಿತು. ನಮಗೆ ಇಲ್ಲಿ ಬೇಕಾದುದು ಅದರ ಇನ್ನೊಂದು ಮಾತು. ಅರಸನು ತಾನು ಕೈಕೊಂಡ ಪ್ರಯತ್ನವನ್ನು ಹೇಳಿ, ಈ ಫಲವನ್ನು ದೊಡ್ಡವರೇ ಪಡೆಯಬಲ್ಲರೆಂದು ಭಾವಿಸಕೂಡದು, ಧರ್ಮದಲ್ಲಿ ನಿಂತ ಚಿಕ್ಕವನೂ ಪಡೆಯಬಲ್ಲನು ಎಂದು ಸಾರುತ್ತಾನೆ. ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕೆಂದು ವಿಧಿಸುತ್ತಾನೆ.

ಇದು ಮಂತ್ರದಾನದ ಮೊದಲ ಮಾರ್ಗ: ಶಿಲೆಯ ಮಾರ್ಗ. ಇಲ್ಲಿ ಗುಟ್ಟಿಲ್ಲ, ಬೆಲೆಯಿಲ್ಲ, ಅಧಿಕಾರಿಭೇದವಿಲ್ಲ. ಹಾದುಹೋಗುವವನೆಲ್ಲ ಶಿಷ್ಯನೇ. ಆದರೆ ಬಯಲಿನಲ್ಲಿ ತೆರೆದಿಟ್ಟ ಈ ಮಾತಿಗೂ ಒಂದು ಬೀಗ ಬಿದ್ದಿತು. ಅದು ಕಾಲವು ಹಾಕಿದ ಬೀಗ. ಬ್ರಾಹ್ಮೀ ಲಿಪಿಯನ್ನು ಓದುವವರು ಇಲ್ಲವಾದರು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದ ಮೇಲೆಯೇ ಇಂತಹ ಬಂಡೆಗಳಿಗೆ ಮತ್ತೆ ನಾಲಗೆ ಬಂದುದು. ಎಲ್ಲರಿಗಾಗಿ ಬರೆದುದನ್ನು ಬಹುಕಾಲ ಯಾರೂ ಓದಲಾರದೆ ಹೋದರು. ಆಟದ ಹಳೆಯ ಆವೃತ್ತಿಗಳಲ್ಲಿ ಪರರ ಮಂತ್ರಲಿಪಿಯನ್ನು ಓದುವುದಕ್ಕೆಂದೇ ಒಂದು ಪ್ರತ್ಯೇಕ ಮಂತ್ರವಿದ್ದು, ಅದಿಲ್ಲದವನಿಗೆ ಉಳಿದುದೆಲ್ಲ ಗೀಟುಗಳೇ ಆಗಿದ್ದವು. ಮಸ್ಕಿಯ ಬಂಡೆಗೆ ಪ್ರಿನ್ಸೆಪನ ಓದೇ ಆ ಮಂತ್ರ. ಬರಹವು ತೆರೆದಿದ್ದರೆ ಸಾಲದು. ಓದುವವರ ಸಂತತಿಯು ಕಡಿಯಬಾರದು. ಅದೇ ಅರಸನ ಬ್ರಹ್ಮಗಿರಿಯ ಶಾಸನವು ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದು ವಿಧಿಸಿರುವುದು ಈ ದೃಷ್ಟಿಯಿಂದ ಅರ್ಥವತ್ತಾಗಿದೆ. ಶಿಲೆಗೂ ಪರಂಪರೆಯ ಆಸರೆ ಬೇಕು.

ಎರಡನೆಯದು ಕಿವಿಯ ಮಾರ್ಗ. ಇದಕ್ಕೆ ಲಿಂಗಸುಗೂರು ಸಾಕ್ಷಿ. ಹದಿನೆಂಟನೆಯ ಶತಮಾನದ ದಾಸಸಾಹಿತ್ಯದ ಹೊಸ ಹೊನಲು ಹರಿದುದು ಈ ಜಿಲ್ಲೆಯಲ್ಲಿಯೇ. ಚೀಕಲಪರ್ವಿಯ ವಿಜಯದಾಸರು, ಅವರ ಶಿಷ್ಯರಾದ ಮೊಸರಕಲ್ಲಿನ ಗೋಪಾಲದಾಸರು, ಅವರಿಂದ ಅನುಗ್ರಹ ಪಡೆದ ಬ್ಯಾಗವಟ್ಟಿಯ ಜಗನ್ನಾಥದಾಸರು, ಅವರ ಶಿಷ್ಯರಾದ ಲಿಂಗಸುಗೂರಿನ ಪ್ರಾಣೇಶದಾಸರು—ಹೀಗೆ ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿತು. ಅಂಕಿತವು ಮಂತ್ರವಲ್ಲ, ಆದರೂ ಕೊಡುವ ಕ್ರಮದಲ್ಲಿ ಅದು ಮಂತ್ರೋಪದೇಶಕ್ಕೆ ಬಹಳ ಸಮೀಪವಾದುದು. ಅದು ಕವಿಯು ತಾನಾಗಿ ಇಟ್ಟುಕೊಳ್ಳುವ ಹೆಸರಲ್ಲ, ಅನುಗ್ರಹದಿಂದ ಬರತಕ್ಕದ್ದು. ಅದು ದೊರೆತ ಮೇಲೆಯೇ ಹಾಡು ಪರಂಪರೆಯ ಹಾಡಾಗುವುದು. ವಿಜಯದಾಸರಿಗೆ ಪುರಂದರದಾಸರು ಸ್ವಪ್ನದಲ್ಲಿ ಅಂಕಿತವನ್ನಿತ್ತರೆಂಬುದು ಸಂಪ್ರದಾಯದ ನಂಬಿಕೆ. ಇಬ್ಬರ ನಡುವೆ ಒಂದು ಶತಮಾನಕ್ಕೂ ಮಿಕ್ಕ ಅಂತರವಿದೆ; ಹೊತ್ತಿಗೆಯಿದ್ದರೂ ಗುರುವಿಲ್ಲದೆ ತೀರದೆಂಬ ಭಾವವು ಎಷ್ಟು ಬಲವಾಗಿತ್ತೆಂಬುದಕ್ಕೆ ಈ ಸ್ವಪ್ನವೇ ಪ್ರಮಾಣ.

ಜಗನ್ನಾಥದಾಸರ ಕಥೆಯು ಇನ್ನೂ ಮರ್ಮಭೇದಕವಾಗಿದೆ. ಸಂಸ್ಕೃತಪಾಂಡಿತ್ಯದ ಅಭಿಮಾನದಿಂದ ಅವರು ಮೊದಲು ಕನ್ನಡದ ದಾಸರನ್ನು ಕಡೆಗಣಿಸಿದರೆಂದೂ, ಬಳಿಕ ವ್ಯಾಧಿಪೀಡಿತರಾಗಿ ಶರಣುಬಂದಾಗ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ ಹೇಳುವರು. ಇದನ್ನು ಇತಿಹಾಸವೆಂದು ಸಾಧಿಸುವ ಅಗತ್ಯವಿಲ್ಲ. ಪರಂಪರೆಯು ತನ್ನನ್ನು ತಾನು ಹೇಗೆ ಕಲ್ಪಿಸಿಕೊಂಡಿತೆಂಬುದೇ ಮುಖ್ಯ. ಇಲ್ಲಿ ಮಾತಿನ ಜೊತೆಗೆ ಜೀವವೇ ಹಸ್ತಾಂತರವಾಗುತ್ತದೆ. ಆಟದ ಮಂತ್ರವಾದಿಯು ತೆರುವುದು ಹೊನ್ನು, ಕಲಿಯುವವನು ತೆರುತ್ತಾನೆ. ಇಲ್ಲಿ ತೆರುವುದು ಆಯುಸ್ಸು, ಕಲಿಸುವವನು ತೆರುತ್ತಾನೆ. ಬೆಲೆ ಕೊಡುವವನು ಯಾರೆಂಬ ಒಂದೇ ಪ್ರಶ್ನೆಯಿಂದ ಎರಡು ಲೋಕಗಳ ನಡುವಣ ಅಂತರವು ಅಳತೆಗೆ ಸಿಕ್ಕುತ್ತದೆ. ಆ ಋಣದ ಫಲವಾಗಿ ‘ಹರಿಕಥಾಮೃತಸಾರ’ವು ಸಂಸ್ಕೃತದಲ್ಲಲ್ಲದೆ ಕನ್ನಡದಲ್ಲಿ ಹುಟ್ಟಿತು; ಶಾಸ್ತ್ರವನ್ನು ಓದಲಾರದವರೂ ಅದನ್ನು ಹಾಡಿ ಕಲಿತರು.

ಮೂರನೆಯದು ಹೊತ್ತಿಗೆಯ ಮಾರ್ಗ. ಇದಕ್ಕೆ ಸಿಂಧನೂರು ತಾಲ್ಲೂಕಿನ ಅಂಬಾಮಠವನ್ನು ಆರಿಸಿಕೊಳ್ಳುತ್ತೇವೆ. ಅಲ್ಲಿಯ ಸಿದ್ಧಪರ್ವತವು ಚಿದಾನಂದಾವಧೂತರ ಸಾಧನೆಯ ಸ್ಥಳವೆಂದು ಪ್ರಸಿದ್ಧವಾಗಿದೆ. ಬಗಳಾದೇವಿಯ ಉಪಾಸಕರಾದ ಇವರು ‘ಜ್ಞಾನಸಿಂಧು’ವನ್ನೂ, ದೇವೀಮಾಹಾತ್ಮ್ಯದ ಕಥೆಯನ್ನು ಕನ್ನಡ ಪದ್ಯದಲ್ಲಿಯೂ ರಚಿಸಿದವರು. ಸಂಸ್ಕೃತದ ಸಪ್ತಶತಿಯು ಹದಿಮೂರು ಅಧ್ಯಾಯಗಳ ಕಥೆಯಾಗಿದ್ದೂ ಏಳುನೂರು ಮಂತ್ರಗಳೆಂದು ಎಣಿಸಲ್ಪಟ್ಟ ಗ್ರಂಥ. ಅದರ ಪಾಠಕ್ಕೆ ಕವಚ, ಅರ್ಗಲ, ಕೀಲಕಗಳೆಂಬ ಅಂಗಗಳುಂಟು. ಅರ್ಗಲವೆಂದರೆ ಅಗುಳಿ, ಕೀಲಕವೆಂದರೆ ಕೀಲು. ಶಿವನು ಈ ಸ್ತೋತ್ರವನ್ನು ಕೀಲಿಸಿಟ್ಟನೆಂದೂ, ಕೀಲನ್ನು ತೆಗೆಯುವ ಕ್ರಮವನ್ನರಿತು ಪಠಿಸಬೇಕೆಂದೂ ಸಂಪ್ರದಾಯವು ಹೇಳುತ್ತದೆ. ಆ ಕ್ರಮದ ತಿರುಳೇನು? ತನ್ನದೆಲ್ಲವನ್ನೂ ದೇವಿಗೆ ಕೊಟ್ಟು, ಮತ್ತೆ ಅದನ್ನು ಅವಳ ಪ್ರಸಾದವಾಗಿ ಸ್ವೀಕರಿಸುವುದು. ಅಂದರೆ ಕೊಟ್ಟಲ್ಲದೆ ತೆರೆಯದ ಬೀಗವದು. ಮಂತ್ರದ ಬೀಗವನ್ನು ಕುರಿತು ಇದಕ್ಕಿಂತ ಗಂಭೀರವಾದ ಕಲ್ಪನೆಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಅವಧೂತರು ಮಾಡಿದುದೇನು? ಬೀಜಾಕ್ಷರಗಳನ್ನು ಅವರು ಬೀದಿಗೆ ತರಲಿಲ್ಲ. ಅವು ಉಪದೇಶದ ವಿಷಯವಾಗಿಯೇ ಉಳಿದವು. ಕಥೆಯನ್ನೂ ಅದರ ಅರ್ಥವನ್ನೂ ಮಾತ್ರ ಕನ್ನಡಕ್ಕೆ ತಂದರು. ಅದರ ಫಲವಾಗಿ, ಶಾಸ್ತ್ರಜ್ಞನಾದ ಪಾಠಕನನ್ನು ಬಯಸುತ್ತಿದ್ದ ಗ್ರಂಥವು ಈ ಸೀಮೆಯ ಊರೂರುಗಳಲ್ಲಿ ನವರಾತ್ರಿಯ ದಿನಗಳಂದು ದೇವಿಪುರಾಣವೆಂದು ಗುಡಿಯ ಪಡಸಾಲೆಯಲ್ಲಿ ಓದಿ ಅರ್ಥ ಹೇಳಿಸಿ ಕೇಳತಕ್ಕದ್ದಾಯಿತು. ಹೆಂಗಸರೂ ಒಕ್ಕಲಮಕ್ಕಳೂ ಅದರ ಕೇಳುಗರು. ಮುಚ್ಚಬೇಕಾದುದನ್ನು ಮುಚ್ಚಿ, ತೆರೆಯಬಹುದಾದುದನ್ನು ತೆರೆದ ವಿವೇಕವದು. ಕನ್ನಡಕ್ಕೆ ತರುವುದೂ ಒಂದು ಬಗೆಯ ಉತ್ಕೀಲನವೇ ಎಂದು ಹೇಳಬಹುದು.

೬

ಮೂರು ಮಾರ್ಗಗಳನ್ನೂ ಕಂಡ ಮೇಲೆ ಆಟದ ಕಡೆಗೆ ಮರಳಿದರೆ ಒಂದು ವಿಚಿತ್ರವು ತೋರುತ್ತದೆ. ಆಟದೊಳಗಿನ ಮಂತ್ರವಾದಿಗಳು ಕೃಪಣರು. ಆಟವನ್ನು ಆಡುವವರು ಹಾಗಲ್ಲ. ಈ ಆಟವನ್ನು ನಿಯಮಗ್ರಂಥವೊಂದನ್ನೇ ಓದಿ ಕಲಿಯುವುದು ಕಷ್ಟ. ಬಲ್ಲವನೊಬ್ಬನು ಮೇಜಿನ ಬಳಿ ಕುಳ್ಳಿರಿಸಿಕೊಂಡು, ಬೆಲೆ ಕೇಳದೆ, ಮಾತಿನಿಂದ ಮಾತಿಗೆ ಕಲಿಸಿದರೆ ಅದು ಹಬ್ಬುತ್ತದೆ. ಮಂತ್ರವಾದಿಗಳಿಗೆ ಹೊತ್ತಿಗೆಯ ಮಾರ್ಗವನ್ನು ವಿಧಿಸಿದ ಆಟವು ತಾನು ಮಾತ್ರ ಕಿವಿಯ ಮಾರ್ಗದಲ್ಲಿ ನಡೆದುಬಂದಿದೆ.

ಅಂಕಿತಕ್ಕೂ ಅಲ್ಲಿ ಸಮಾನವಾದುದುಂಟು. ಆಟದ ಅನೇಕ ಮಂತ್ರಗಳಿಗೆ ಟೆನ್ಸರ್, ಬಿಗ್‌ಬಿ, ಮೊರ್ಡೆಂಕೈನೆನ್ ಎಂಬ ಮಂತ್ರವಾದಿಗಳ ಹೆಸರುಗಳು ಅಂಟಿಕೊಂಡಿವೆ. ಇವು ಗೈಗ್ಯಾಕ್ಸನ ಮೇಜಿನಲ್ಲಿ ಆಡಿದ ಪಾತ್ರಗಳ ಹೆಸರುಗಳು. ಟೆನ್ಸರನು ಅವನ ಮಗ ಅರ್ನೆಸ್ಟನ ಪಾತ್ರ, ಅರ್ನೆಸ್ಟ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಕಟ್ಟಿದ ಹೆಸರು. ತಂದೆಯ ಮೇಜಿನಲ್ಲಿ ಆಡಿದ ಬಾಲಕನ ಗುರುತು ಲೋಕವೆಲ್ಲ ಹರಡಿದ ಮಂತ್ರವೊಂದರ ಮುದ್ರಿಕೆಯಾಗಿ ಉಳಿದುದು ಹೃದ್ಯವಾದ ಸಂಗತಿ.

ಈ ಮುದ್ರಿಕೆಗೆ ಮುಂದೆ ಆದ ಗತಿಯು ವಿಚಾರಾರ್ಹ. ೧೯೯೭ರಲ್ಲಿ ಆಟದ ಒಡೆತನವು ‘ವಿಝರ್ಡ್ಸ್ ಆಫ್ ದಿ ಕೋಸ್ಟ್’ ಎಂಬ ಸಂಸ್ಥೆಗೆ ಸೇರಿತು. ೨೦೦೦ದಲ್ಲಿ ಆ ಸಂಸ್ಥೆಯು ನಿಯಮಗಳ ಸಾರಭಾಗವನ್ನು ಇತರರೂ ಬಳಸಿಕೊಳ್ಳಲು ಮುಕ್ತವಾದ ಪರವಾನಗಿಯನ್ನು ಕೊಟ್ಟಿತು. ೨೦೨೩ರ ಆರಂಭದಲ್ಲಿ ಅದನ್ನು ಬಿಗಿಮಾಡುವ ಯೋಚನೆಯು ಬಯಲಾಗಲು ಆಟಗಾರರಿಂದಲೂ ಪ್ರಕಾಶಕರಿಂದಲೂ ಬಲವಾದ ಪ್ರತಿಭಟನೆ ಹುಟ್ಟಿತು. ಅದೇ ಜನವರಿ ೨೭ರಂದು ಸಂಸ್ಥೆಯು ಹಿಂದೆ ಸರಿದು, ಸಾರಗ್ರಂಥವನ್ನು ‘ಕ್ರಿಯೇಟಿವ್ ಕಾಮನ್ಸ್’ ಎಂಬ ಸಾರ್ವಜನಿಕ ಪರವಾನಗಿಯಡಿ ಇಟ್ಟಿತು. ಹಾಕಿದ ಕೀಲು ಹೀಗೆ ತೆಗೆಯಲ್ಪಟ್ಟಿತು; ಮಂತ್ರಗಳು ಮಸ್ಕಿಯ ಬಂಡೆಯಂತೆ ಬಯಲಿಗೆ ಬಂದವು.

ಆದರೆ ಮುಕ್ತವಾದ ಆ ಸಾರಗ್ರಂಥದಲ್ಲಿ ಟೆನ್ಸರನ ಹೆಸರಿಲ್ಲ. ಅವನ ತೇಲುವ ತಟ್ಟೆಯು ಬರಿಯ ತೇಲುವ ತಟ್ಟೆಯಾಗಿದೆ; ಬಿಗ್‌ಬಿಯ ಕೈಯು ಮಾಂತ್ರಿಕ ಕೈಯೆಂಬ ಸಾಮಾನ್ಯನಾಮವನ್ನು ತಾಳಿದೆ. ಪಾತ್ರಗಳ ಹೆಸರುಗಳನ್ನು ಸಂಸ್ಥೆಯು ತನ್ನ ಸ್ವತ್ತಾಗಿ ಉಳಿಸಿಕೊಂಡು ಮಂತ್ರಗಳನ್ನು ಮಾತ್ರ ಹಂಚಿದೆ. ಆ ಪರವಾನಗಿಯ ಮುಖ್ಯವಾದ ಷರತ್ತು ಕೊಟ್ಟವರ ಹೆಸರನ್ನು ಹೇಳಬೇಕೆಂಬುದು. ಅಲ್ಲಿ ಹೇಳಬೇಕಾದುದು ಸಂಸ್ಥೆಯ ಹೆಸರು, ಮೇಜಿನ ಸುತ್ತ ಕುಳಿತು ಮಂತ್ರವನ್ನು ಕಂಡವರದಲ್ಲ. ಹಾಡು ಉಳಿಯಿತು, ಅಂಕಿತ ಹೋಯಿತು. ಬಂಡೆಯೂ ಬೇಕು, ಕಿವಿಯೂ ಬೇಕು ಎಂದು ನಾವು ಮೇಲೆ ಹೇಳಿದುದರ ಸತ್ಯವು ಇಲ್ಲಿ ಇನ್ನೊಮ್ಮೆ ಸ್ಪಷ್ಟವಾಗುತ್ತದೆ. ಮಾತನ್ನು ಎಲ್ಲರದನ್ನಾಗಿ ಮಾಡುವ ಆತುರದಲ್ಲಿ ಅದು ಯಾರಿಂದ ಬಂದಿತೆಂಬುದು ಅಳಿಯಬಹುದು.

೭

ಈ ದೋಷವನ್ನು ಸಾಗರದಾಚೆಯವರ ತಲೆಗೆ ಕಟ್ಟಿ ನಾವು ನಿಶ್ಚಿಂತರಾಗುವಂತಿಲ್ಲ. ನಮ್ಮ ಸಂಗ್ರಹಕಾರರಲ್ಲಿಯೂ ಇದೇ ಪ್ರಮಾದವುಂಟು. ಹಾಡನ್ನು ಬರೆದುಕೊಂಡೆವು, ಹಾಡಿದವಳು ಅದನ್ನು ಯಾರಿಂದ ಕಲಿತಳೆಂದು ಕೇಳಲಿಲ್ಲ. ದಾಸರ ಪದಗಳಲ್ಲಿ ಅಂಕಿತವು ಪಲ್ಲಟವಾಗಿ ಒಬ್ಬರ ಪದವು ಇನ್ನೊಬ್ಬರ ಹೆಸರಿನಲ್ಲಿ ಅಚ್ಚಾದ ತೊಡಕುಗಳನ್ನು ಬಿಡಿಸುವುದರಲ್ಲಿ ವಿದ್ವಾಂಸರ ಎಷ್ಟೋ ಶ್ರಮವು ವ್ಯಯವಾಗಿದೆ. ಪದದ ಜೊತೆಗೆ ಪಾಠಪರಂಪರೆಯನ್ನೂ ಬರೆದಿಟ್ಟಿದ್ದರೆ ಆ ಶ್ರಮದ ಅರ್ಧವು ಉಳಿಯುತ್ತಿತ್ತು.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಹಳೆಯ ಮನೆಗಳಲ್ಲಿ ಮಂತ್ರ, ಮದ್ದು, ಹಾಡು, ಲೆಕ್ಕಗಳೆಲ್ಲ ಒಂದೇ ಕಡತದಲ್ಲಿ ಬೆರೆತಿರುವ ಕೈಬರಹಗಳು ದೊರೆತರೆ, ಅವನ್ನು ಕೊಡಲು ಮನೆಯವರು ಹಿಂಜರಿದರೆ,  ಅದನ್ನು ಅಜ್ಞಾನವೆಂದು ತಳ್ಳಿಬಿಡಬಾರದು. ಅವರ ಹಿಂಜರಿಕೆಯಲ್ಲಿ ಒಂದು ನ್ಯಾಯವುಂಟು. ನಮ್ಮಲ್ಲಿ ಕೆಲವರು ಬಂದುದು ಸುರುಳಿಯಿಂದ ನಕಲು ಮಾಡುವವರಂತೆ. ತೆಗೆದುಕೊಂಡ ಮೇಲೆ ಕಡತವು ಮನೆಗೆ ಮರಳಲಿಲ್ಲ, ಕೊಟ್ಟವರ ಹೆಸರು ಅಚ್ಚಿಗೆ ಬರಲಿಲ್ಲ. ಹೊತ್ತಿಗೆಯಿಂದ ನಕಲು ಮಾಡುವವರಂತೆ ನಾವು ನಡೆದುಕೊಳ್ಳಬೇಕು. ಮೂಲವು ಮೂಲದಲ್ಲಿಯೇ ಉಳಿಯಲಿ. ಅವರ ಸಂಕೇತವನ್ನು ತಿಳಿದು ನಮ್ಮ ಸಂಕೇತದಲ್ಲಿ ಬರೆದುಕೊಳ್ಳೋಣ. ಅವರು ಬೀಜಾಕ್ಷರವನ್ನು ಮುಚ್ಚಿಡಬಯಸಿದರೆ ಅದನ್ನು ಬಿಟ್ಟು ಕಥೆಯನ್ನು ಕೇಳೋಣ. ಪ್ರತಿಯ ಕೊನೆಯಲ್ಲಿ ಯಾರಿಂದ, ಯಾವ ಊರಲ್ಲಿ, ಅವರಿಗೆ ಯಾರಿಂದ ಬಂದಿತೆಂಬುದನ್ನು ಅವರ ಒಪ್ಪಿಗೆಯಿಂದ ದಾಖಲುಮಾಡೋಣ.

ಸಾಹಿತ್ಯವನ್ನು ಬೋಧಿಸುವ ಮಿತ್ರರಿಗೂ ಒಂದು ಸೂಚನೆ. ಮೇಜಿನಾಟವನ್ನು ಬಲ್ಲ ವಿದ್ಯಾರ್ಥಿಗಳು ಈಗ ನಮ್ಮ ತರಗತಿಗಳಿಗೆ ಬಂದಾರು. ಮಂತ್ರವು ಹೊತ್ತಿಗೆಯಲ್ಲಿದೆ, ಹೊನ್ನು ಕೊಟ್ಟರೆ ದೊರೆಯುತ್ತದೆ ಎಂಬ ಕಲ್ಪನೆಯು ಅವರಿಗೆ ಪರಿಚಿತ. ಅದನ್ನು ಜರೆಯದೆ ಅದರಿಂದಲೇ ಪಾಠವನ್ನು ಆರಂಭಿಸಿ, ಗೋಪಾಲದಾಸರು ಏನನ್ನು ಕೊಟ್ಟರು, ಅವಧೂತರು ಏನನ್ನು ತೆರೆದರು, ಮಸ್ಕಿಯ ಅರಸನು ಯಾರಿಗಾಗಿ ಬರೆಸಿದನು ಎಂದು ಕೇಳಬಹುದು. ತರಗತಿಯನ್ನು ಒಮ್ಮೆ ಮಸ್ಕಿಯ ಬಂಡೆಯ ಬಳಿಗೆ ಕರೆದೊಯ್ದರೆ ಇನ್ನೂ ಒಳ್ಳೆಯದು. ಚಿಕ್ಕವನೂ ಪಡೆಯಬಲ್ಲನೆಂಬ ಮಾತು ಅಲ್ಲಿ ಇಂದಿಗೂ ಇದೆ. ಅದನ್ನು ಓದಿ ಹೇಳಬಲ್ಲ ಉಪಾಧ್ಯಾಯನೊಬ್ಬನು ಮಾತ್ರ ಜೊತೆಯಲ್ಲಿರಬೇಕು.